ಬಾಲವಿದ್ದ ಕಾಲ

ಹಡಗ ಡಾಕಿನ್ಯಾಗ ನಿಂತು, ನೀರ ಪೂರ್ತಿ ಇಳದ ಮ್ಯಾಲ
ಅದರ ಹೊಟ್ಟಿ ಕಾಣತೈತಿ,
ಯಾರಿಗೂ ತೋರಸಬಾರದ ಹೊಟ್ಟಿ:
ಹಸರ ಕೂದಲ, ಚಿಪ್ಪು, ಸುಣ್ಣದ ಕಜ್ಜಿ,
ಅದರ ನಡುವ ಗೊಂಚಲ ಗೊಂಚಲ
ನೀರ ತುಂಬಿದ ಬಟ್ಟಿ ಚೀಲದಂಥವು.
ನಾವು ಅವಕ್ಕ ಪಿಚಕಾರಿ ಅಂತೀವಿ.
ಮುಟ್ಟಿದ್ರ ಮುಖಕ್ಕ ಉಗಳತಾವ.

ವಾಸ್ಕೋದಾಗ ಹದಿನಾಕ ವರ್ಷ ಕೆರದೀನಿ.
ನನ್ನ ಪಗಾರ ಚದರ ಮೀಟರ ಲೆಕ್ಕ.
ಒಂದ ಮೀಟರಿನ್ಯಾಗ ಎಷ್ಟ ಜೀವ ಇದ್ದುವು
ಅಂತ ಯಾರೂ ಕೇಳಿದ್ದಿಲ್ಲ,
ಆ ಹುಡುಗಿ ಬರೂತನಕ.

ದೋನಾ ಪಾವ್ಲಾದಿಂದ ಬಂದಾಕಿ, ಶ್ರದ್ಧಾ ಪ್ರಿಯೋಳ್ಕರ.
ದಪ್ಪ ಕನ್ನಡಕ, ಕೈಯಾಗ ಐಸ್‌ಕ್ರೀಮಿನ ಖಾಲಿ ಡಬ್ಬಿ ಆರು.
"ತಣ್ಣನ ದೇಶದ ಬಂದರದಾಗ ಐದ ತಿಂಗಳ ನಿಂತಿತ್ತಂತ ಈ ಹಡಗ.
ಅಲ್ಲಿಂದ ಯಾರ್ಯಾರು ಬಂದಾರ ನೋಡಬೇಕು."
ಹಿಂದಿಯೊಳಗೂ ಯಾರ್ಯಾರು ಅಂತನ ಅಂದ್ಲು,
ಏನೇನು ಅನಲಿಲ್ಲ.
ಕೈತಾನ ಫೋರ್‌ಮನ್ ಗಡಿಯಾರ ತಟ್ಟಿ ತೋರಿಸಿದ: ಅರ್ಧ ತಾಸು.
ಒಂದೂ ಕಡಲಿಗೆ ಬೀಳಬಾರದು, ಎಲ್ಲಾ ಸುಣ್ಣದ ಕುಣಿಗೆ.

ಉಳಿ ಬ್ಯಾಡ, ಬೆರಳ ಸಾಕು ಅಂದ್ಲು ನನಗ.
ಬೆರಳಲೆ ಬಿಡಸೂದು ನನಗ ಗೊತ್ತು,
ರೋಣದ ಕಡೆ ಹತ್ತಿ ಹಿಂಗ ಬಿಡಸತಾರ,
ಕಾಯಿ ಚುಚ್ಚಧಂಗ, ಅರಳಿ ಹರಿಧಂಗ.
ಮೊದಲನೇದ ಬಿಡಸಿದೆ.
ಸರಕ್ಕನ ಆಕಿ ಕನ್ನಡಕಕ್ಕ ಹಾರಸ್ತು.
ನಕ್ಲು. ಒರಸಿಕೊಳ್ಳಲೇ ಇಲ್ಲ.

ಆಮ್ಯಾಲ ಬಿಡಸಕೋತ ಹೇಳಿದ್ಲು:
ಇದಕ್ಕ ಸಣ್ಣದಿದ್ದಾಗ ಬಾಲ ಇರತೈತಿ,
ಬಾಲದೊಳಗ ಬೆನ್ನಹುರಿಯಂಥಾ ಒಂದ ಎಳಿ,
ಬೆಳಕು ತಿಳಿಯೂವಷ್ಟ ಕಣ್ಣ,
ಮ್ಯಾಲ ಯಾವದು, ಕೆಳಗ ಯಾವದು ಅಂತ ಹೇಳಾಕ
ತಲಿಯೊಳಗ ಒಂದ ಕಪ್ಪು ಕಾಳ.
ಬಾಯಿ ಇನ್ನೂ ತೆರದಿರೂದಿಲ್ಲ.
ಒಂದ ದಿನ ಈಜತೈತಿ, ಉಪವಾಸ.
ಜಾಗಾ ಸಿಕ್ಕರ ತಲಿ ಊರಿ ಅಂಟತೈತಿ,
ಬಾಲಾ ಒಳಗ ಎಳಕೊಂಡು ಕರಗಿಸಿಕೊಳ್ಳತೈತಿ,
ಕಣ್ಣನ್ನೂ, ಆ ಕಾಳನ್ನೂ.
ಅಲ್ಲಿಂದ ಸಾಯೂತನಕ ಒಂದ ಕೆಲಸ:
ಒಂದ ಬಾಯಿಂದ ನೀರ ಒಳಗ, ಇನ್ನೊಂದರಿಂದ ಹೊರಗ.

"ದೂರದಿಂದ ನಮ್ಮ ಬಳಗನ ಆಗಬೇಕು," ಅಂದ್ಲು.
ಮಾಬುಸಾಬ ಬಿದ್ದ ಬಿದ್ದ ನಕ್ಕ:
"ಬಳಗ ಅಂದ್ರ ಜಾಮೀನಕ್ಕ ನಿಲ್ಲತೈತೇನ ಕೇಳ್ರಿ, ಅಕ್ಕೋರ."

ನಾ ನಗಲಿಲ್ಲ. ಅದರ ಅಂಗಿ ಮುಟ್ಟಿ ನೋಡಾಕತ್ತಿದ್ದೆ.
ಮೈಗಿಂತ ದಪ್ಪ ಅಂಗಿ.
"ಹತ್ತಿಯೊಳಗ ಇರೂದ ಇದರಾಗೂ ಐತಿ," ಅಂದ್ಲು ಆಕಿ, ನನ್ನ ಕಡೆ ನೋಡದನ,
"ಗಿಡಕ್ಕ ಗೊತ್ತಿದ್ದ ನೇಯ್ಗಿ. ಪ್ರಾಣಿ ಪೈಕಿ ಇದರ ಕುಲಕ್ಕಷ್ಟ ಬರತೈತಿ."
ಎರಿ ಹೊಲದಾಗ ಸೊಂಟಕ್ಕ ಉಡಿ ಕಟ್ಟಿ
ಸಾಲ ಹಿಡದ ನಡದಾಕಿ ನಮ್ಮವ್ವ,
ಕಡಲ ಎಂದೂ ನೋಡದಾಕಿ.
ಆಕಿಗೆ ಹ್ಯಾಂಗ ಹೇಳೂದು,
ನೀರಾಗೂ ಹತ್ತಿ ಬೆಳಿತೈತಿ, ಯವ್ವಾ,
ತಕ್ಕಡಿ ಇಲ್ಲ, ದಲಾಲಿ ಇಲ್ಲ,
ಬಿಡಸಿದ್ರ ಉಗಳತೈತಿ ಅಷ್ಟ.

ಅರ್ಧ ತಾಸಿಗೆ ಡಬ್ಬಿ ನಾಕ ತುಂಬಿದುವು.
ಆಕಿ ಹ್ವಾದ್ಲು. ಉಳಿ ತಗೊಂಡೆ.
ಸಂಜಿ ಮಟಾ ಇಪ್ಪತ್ತೆರಡ ಮೀಟರ.

ಬೈನಾದಾಗ, ಮನಿ ಕಟ್ಟಿ ಮ್ಯಾಲ ಗಂಬೂಟ ಬಿಚ್ಚಿದಾಗ
ಮಡಿಕ್ಯಾಗ ಒಂದ ಕುಂತಿತ್ತು,
ಜೋಳದ ಕಾಳಿನಷ್ಟ, ಗಾಜಿನಂಥಾದ್ದು.
ಪಾರಿ ಓಡಿ ಹೋಗಿ ಕಡಲಿಂದ ಒಂದ ಲೋಟಾ ನೀರ ತಂದ್ಲು.
ಮೊಬೈಲಿನ ಬ್ಯಾಟರಿ ಹಿಡದ ನೋಡಿದಿವಿ.
ತಳದಾಗ ಏನೋ ಮಿಡುಕತಿತ್ತು,
ಒಂದ ಕಡೆ ಹೊಡಕೋತ ಹೊಡಕೋತ ಬಂದು
ಗಕ್ಕನ ನಿಂತು,
ಸತ್ತ ಹೋತು ಅನ್ನೂದ್ರಾಗ
ಆ ಕಡಿಂದ ಈ ಕಡೆ ಹೊಡಿಯಾಕ ಸುರು ಮಾಡ್ತು.
ಪಾರಿ ಎಣಸಿದ್ಲು. ಎಷ್ಟಕ್ಕ ನಿದ್ದಿ ಬಂತೊ.
ಹುಬ್ಬಳ್ಳಿ ಕಡೆ ಹೋಗೂ ರೈಲು ಕೂಗಿ ಹ್ವಾತು.
ಮುಂಜಾನೆ ಸುಣ್ಣಕ್ಕ ಹಾಕಿದರಾತು ಅಂದಕೊಂಡೆ.

ಮುಂಜಾನೆ ಲೋಟಾ ಬೋರಲ ಬಿದ್ದಿತ್ತು, ತೊಳದದ್ದು.
"ಉಪ್ಪ ನೀರಿತ್ತು, ಚೆಲ್ಲಿದೆ," ಅಂದ್ಲು ಸಕ್ರವ್ವ,
ರೊಟ್ಟಿ ಬಡಿಯೂದ ಬಿಡದನ.

ಬಾಗಿಲ ಮುಂದ ಗಟಾರ ಹರೀತಿತ್ತು.
ಮೂವತ್ತ ಹೆಜ್ಜಿ ಕೆಳಗ ಕಡಲ.
ಅದರಾಚಿ ಏಳ ಹಡಗ, ಸಾಲಾಗಿ,
ಹೊಟ್ಟಿ ಮುಚಿಗೊಂಡು.