ಅಚ್ಚಿಗೆ ಹೋಗದ ಸಾಲು

ಅಪ್ಪ ಅಮೆರಿಕವನ್ನು ತಲೆಕೆಳಗಾಗಿ ಓದಿದವರು.
ಬಲ್ಮಠ ಗುಡ್ಡೆಯ ಕೆಳಗಿನ ಪ್ರೆಸ್ಸಿನಲ್ಲಿ
ಎಡಗೈಯಲ್ಲಿ ಸ್ಟಿಕ್ಕು ಹಿಡಿದು
ಒಂದೊಂದೇ ಸೀಸದ ಮೊಳೆ ಹೆಕ್ಕಿ
ಶಾಲೆ ಮಕ್ಕಳಿಗೆಂದು ಬರೆದ ನೂರ ನಾಲ್ಕು ಪುಟದ ಜೀವನಚರಿತ್ರೆ
ಕಟ್ಟಿದರು. ಎಪ್ಪತ್ತಾರರ ಮೇ ತಿಂಗಳು,
ಸೆಕೆಗೆ ಮೊಳೆಗಳೂ ಬೆವರುತ್ತಿದ್ದವು.

ಮೊದಲ ತೊಂದರೆ ಬಂದದ್ದು ಫಕಾರದಿಂದ.
ಫಿಲಡೆಲ್ಫಿಯ, ಫ್ರಾನ್ಸು, ಫಿರಂಗಿ, ಫರ್ಮಾನು,
ಕೇಸಿನಲ್ಲಿದ್ದದ್ದು ಬರೇ ಹನ್ನೊಂದು ಫ.
ಕನ್ನಡಕ್ಕೆ ಎಷ್ಟು ಬೇಕು ಹೇಳಿ?
"ಈ ಜನಕ್ಕೆ ಬೇರೆ ಅಕ್ಷರದ ಊರು ಸಿಗಲಿಲ್ಲವಾ ಮಾರಾಯ"
ಎನ್ನುತ್ತ ಸೈಕಲ್ ಹತ್ತಿ
ಕಾರ್‌ಸ್ಟ್ರೀಟಿನ ಪೈಗಳ ಪ್ರೆಸ್ಸಿಗೆ ಹೋಗಿ
ಒಂದು ಹಿಡಿ ಫ ಸಾಲ ತಂದರು,
ಕರ್ಚೀಫಿನಲ್ಲಿ ಕಟ್ಟಿ. (ಅದರಲ್ಲೂ ಒಂದು ಫ.)

ಆಮೇಲೆ ಆ ಮನುಷ್ಯ ಅವರಿಗೆ ಹಿಡಿಸತೊಡಗಿದ.
ಅವನೂ ಮೊಳೆ ಜೋಡಿಸಿದವನಂತೆ.
ಅಣ್ಣನ ಪ್ರೆಸ್ಸಿನಲ್ಲಿ ಕಲಿತು, ಜಗಳಾಡಿ,
ಹದಿನೇಳಕ್ಕೆ ಊರು ಬಿಟ್ಟು ಓಡಿದವನು.
ಬೆರಳ ತುದಿ ಕರಿಯಾದವನೇ ಮುಂದೆ
ಒಂದು ದೇಶದ ಪರವಾಗಿ ದೊರೆಗಳೆದುರು ಕೂತದ್ದು,
ವಿಗ್ಗು ಬಿಟ್ಟು ತುಪ್ಪಳದ ಟೊಪ್ಪಿ ಇಟ್ಟು
ಪ್ಯಾರಿಸಿನ ಹೆಂಗಸರನ್ನು ನಗಿಸಿ
ಹಡಗು, ಸಾಲ, ಮದ್ದುಗುಂಡು ಕೇಳಿ ತಂದದ್ದು.
ಉಯಿಲಿನಲ್ಲಿ ಮಾತ್ರ ಹೆಸರಿನ ಪಕ್ಕ
ಮೊದಲು ಬರೆದದ್ದು ಮುದ್ರಕ ಎಂದು.
ರಾಯಭಾರಿ ಆಮೇಲೆ.
ಆ ಪುಟವನ್ನು ಅಪ್ಪ ಊಟಕ್ಕೆ ಏಳದೆ ಮುಗಿಸಿದರಂತೆ.
ರಾತ್ರಿ ಗಂಜಿಗೆ ಕೂತು ಅಮ್ಮನಿಗೆ ಹೇಳಿದರು:
"ನಮ್ಮವನೇ."

ಅಪ್ಪನೂ ಒಮ್ಮೆ ರಾಯಭಾರಕ್ಕೆ ಹೋದವರೇ.
ಬೋನಸ್ಸಿನ ಜಗಳದಲ್ಲಿ
ತುಳುವಿನಲ್ಲಿ ಕೇಳಿಸಿಕೊಂಡು, ಕೊಂಕಣಿಯಲ್ಲಿ ಬೇಡಿ,
ಇಂಗ್ಲಿಷಿನಲ್ಲಿ ಬೈಸಿಕೊಂಡು
ಆಳಿಗೆ ಹದಿನೆಂಟು ರೂಪಾಯಿ ತಂದಿದ್ದರು.
ಯಾರೂ ಅದಕ್ಕೆ ಸಂಧಿ ಎನ್ನಲಿಲ್ಲ.

ಐವತ್ತೇಳನೆಯ ಪುಟ.
ಲಂಡನ್ನಿಗೆ ಹಡಗು ಹತ್ತುವಾಗ ಇಬ್ಬರು ಗುಲಾಮರನ್ನು
ಜತೆಗೆ ಒಯ್ದನು, ಎಂದಿತ್ತು ಹಸ್ತಪ್ರತಿಯಲ್ಲಿ.
ಮುಂದಿನ ಸಾಲು: ಅವರಲ್ಲೊಬ್ಬ ಓಡಿಹೋದನು.
ಜೋಡಿಸಿ ಆಗಿತ್ತು. ಪ್ರೂಫಿನ ಮೇಲೆ
ಸಂಪಾದಕರ ಕೆಂಪು ಶಾಯಿ:
ಮಕ್ಕಳ ಪುಸ್ತಕ. ಇವೆರಡು ಬೇಡ.
ಮುಪ್ಪಿನಲ್ಲಿ ಗುಲಾಮಗಿರಿ ನಿಲ್ಲಲಿ ಎಂದು
ಅರ್ಜಿ ಹಾಕಿದ್ದು ಉಳಿಯಿತು.
ಹದಿನೇಳರ ಹುಡುಗ ಓಡಿದ್ದೂ ಉಳಿಯಿತು,
ಸಾಹಸ ಎಂಬ ತಲೆಬರಹದ ಕೆಳಗೆ.

ಅಪ್ಪನ ಮುತ್ತಜ್ಜ ಮುಲ್ಕಿಯ ಕಡೆಯ ಒಂದು ಗುತ್ತಿನ ಮೂಲದಾಳು.
ಗದ್ದೆ ಕೈ ಬದಲಿಸಿದರೆ ಗದ್ದೆಯ ಜತೆ ಅವನೂ;
ಕೋಣ, ನೇಗಿಲು, ಆಳು, ಒಂದೇ ಪಟ್ಟಿ.
ಒಂದು ರಾತ್ರಿ ಅವನು ಶಾಂಭವಿ ದಾಟಿದ.
ದಾಟಿದ ಎಂಬುದಷ್ಟೇ ನಮಗೆ ಬಂದದ್ದು.
ಯಾರೂ ಬರೆದಿಡಲಿಲ್ಲ,
ಹಾಗಾಗಿ ಯಾರಿಗೂ ಹೊಡೆದುಹಾಕಲು ಆಗಲಿಲ್ಲ.

ಬೇಡವಾದ ಸಾಲಿನ ಮೊಳೆ ಬಿಚ್ಚಿ
ಆಯಾ ಮನೆಗೆ ವಾಪಸ್ಸು ಹಾಕುವುದು ನಿಯಮ.
ಮೊದಲ ಸಾಲನ್ನು ಹಾಕಿದರು, ಗು ಗುವಿನ ಮನೆಗೆ, ಲಾ ಲಾದ ಮನೆಗೆ.
ಎರಡನೆಯದಕ್ಕೆ ಅಮ್ಮನ ಬೀಡಿ ನೂಲು ಸುತ್ತಿ
ಅಂಗಿಯ ಜೇಬಿಗೆ ಬಿಟ್ಟರು.
ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅದೊಂದೇ ಕಳವು.

ಈಗ ನನ್ನ ಕೈಲುಂಟು.
ಸಹಕಾರಿ ಸಂಘದ ಗುಮಾಸ್ತೆ ನಾನು. ಮಧ್ಯಾಹ್ನ,
ಕೌಂಟರಿನಲ್ಲಿ ಜನ ಇಲ್ಲದಾಗ
ಸ್ಟ್ಯಾಂಪ್ ಪ್ಯಾಡಿಗೆ ಒತ್ತಿ
ಒಂದು ಹಾಳು ಚಲನಿನ ಬೆನ್ನಿಗೆ ಮೂಡಿಸಿದೆ.
ನೆಟ್ಟಗೆ ಬಂತು. ಒಬ್ಬನ ಒತ್ತು ಸ್ವಲ್ಪ ಸವೆದಿದೆ.
ಕೊನೆಯ ಚುಕ್ಕಿ ಬೀಳಲೇ ಇಲ್ಲ.

ಪಕ್ಕದ ಸೀಟಿನ ಸೆಲೆಸ್ತಿನ್ ಬಗ್ಗಿ ನೋಡಿದಳು.
"ಯಾರಂತೆ?"
ಪುಸ್ತಕದಲ್ಲಿ ಹೆಸರು ಇರಲಿಲ್ಲ.
"ಸಿಕ್ಕಿದನಾ ಮತ್ತೆ?"
ಇಲ್ಲ, ಎಂದುಬಿಟ್ಟೆ.
ಗೊತ್ತಿದ್ದು ಹೇಳಿದ್ದಲ್ಲ.