ಎರಡು ಮುಚ್ಚಳ

ಟೂಸಾನಿನಲ್ಲಿ ಜುಲೈ.
ತಂತಿಯ ಮೇಲೆ ಸೀರೆಯ ಎರಡನೆಯ ತುದಿ ಹರಡುವಷ್ಟರಲ್ಲಿ
ಮೊದಲನೆಯದು ಒಣಗಿರುತ್ತದೆ.

ಟಕೀಲಾ ಬಾಟಲಿ ಮಾರ್ಚಿನಿಂದ ಇತ್ತು,
ಅಕ್ಕಿ ಡಬ್ಬಿಯ ಹಿಂದೆ, ಮುಖ ಗೋಡೆಗೆ.
ಡಯಾಲಿಸಿಸ್ ಸೆಂಟರಿನಲ್ಲಿ ನನಗೆ ಹತ್ತು ವರ್ಷ ತುಂಬಿದ್ದಕ್ಕೆ
ಜೊತೆಯವರು ಕೊಟ್ಟದ್ದು.
ಬೇರೆಯವರ ಮಗುವಿನಂತೆ
ಮೈಗೆ ತಾಗದ ಹಾಗೆ ಹಿಡಿದು ತಂದಿದ್ದೆ.

ಪಕ್ಕದ ಮನೆಯ ಒಫೀಲಿಯಾ
ಅಂಚೆ ಡಬ್ಬಿಯ ಮೇಲಿನ ಜಲಜಾಳನ್ನು
ಹಲಹಾ ಎಂದು ಓದಿದವಳು.
ಅವರ ಸ್ಪ್ಯಾನಿಷಿನಲ್ಲಿ ಆ ಅಕ್ಷರಕ್ಕೆ ಹಕಾರವಂತೆ.
ನೀರಲ್ಲಿ ಹುಟ್ಟಿದವಳು ಒಂದೇ ಉಸಿರಿಗೆ
ಹಾಲಾಹಲದ ತಂಗಿಯಾದೆ.
ತಿದ್ದಲಿಲ್ಲ. ಈ ಮರಳುಗಾಡಿಗೆ
ತಾವರೆಗಿಂತ ಅದೇ ವಾಸಿ.

ಇದನ್ನು ಯಾವುದರಿಂದ ಇಳಿಸುತ್ತಾರೆ ಗೊತ್ತಾ,
ಎಂದು ರಸ್ತೆಯಂಚಿಗೆ ಬೆರಳು ತೋರಿಸಿದ್ದೂ ಅವಳೇ.
ಅಯ್ಯೋ, ಕತ್ತಾಳೆ!
ಅದರ ನಾರಿನಲ್ಲಿ ಎಮ್ಮೆ ಕಟ್ಟಿದ್ದೇವೆ, ಹೊರೆ ಕಟ್ಟಿದ್ದೇವೆ,
ಹೊಸೆದು ಹೊಸೆದು ಅವ್ವನ ಅಂಗೈ
ರೇಖೆ ಕಾಣದಷ್ಟು ಸವೆದಿದೆ.
ಗಡ್ಡೆ ಬೇಯಿಸಿ ಕುಡಿಯಬಹುದೆಂದು ಯಾರೂ ಹೇಳಿರಲಿಲ್ಲ.
ಒಳ್ಳೆಯದೇ ಆಯಿತು.
ಅಪ್ಪನಿಗೆ ಗೊತ್ತಾಗಿದ್ದರೆ
ಊರಿಗೆ ಬೇಲಿ ಉಳಿಯುತ್ತಿರಲಿಲ್ಲ.

ಅಪ್ಪ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಲ್ಲಿ ಹರಿಯುತ್ತಿದ್ದ.
ಆ ಸಣ್ಣ ಚರ್ ಸದ್ದಿಗೆ ನಾವು ಮೂವರು ಮಕ್ಕಳು
ಸೌದೆ ರಾಶಿಯ ಹಿಂದೆ ಸೇರುತ್ತಿದ್ದೆವು.
ಅವ್ವ ಸಾರಾಯಿ ಅಂಗಡಿಯ ಮುಂದೆ
ಓಣಿಯ ಹೆಂಗಸರ ಜೊತೆ ಪೊರಕೆ ಹಿಡಿದು
ಹನ್ನೊಂದು ದಿನ ಕೂತಳು.
ಹನ್ನೆರಡನೆಯ ದಿನ
ಅಂಗಡಿ ಹಿಂದಿನ ಓಣಿಗೆ ಹೋಯಿತು.

ಇವತ್ತು ಶನಿವಾರ. ಯಾಕೆ ಇವತ್ತೇ ಎಂದರೆ
ನನ್ನಲ್ಲಿ ಉತ್ತರವಿಲ್ಲ. ಸೆಕೆ ಎನ್ನಿ.

ಕೂಲರಿನ ಸೋರುವ ಪೈಪಿನಡಿ ತಾನಾಗಿ ಹಬ್ಬಿದ ಪುದೀನ, ಒಂದು ಹಿಡಿ.
ನಿಂಬೆ ಮೂರು.
ಇಲ್ಲಿ ಹಳದಿಯದಕ್ಕೊಂದು ಹೆಸರು, ಹಸಿರಿನದಕ್ಕೊಂದು;
ನನ್ನ ಬಾಯಲ್ಲಿ ಎರಡೂ ನಿಂಬೆಯೇ.
ಹಸಿರಿನದನ್ನು ಅಂಗೈಯಡಿ ಒತ್ತಿ ಉರುಳಿಸಿ ಹಿಂಡಿದೆ.
ಕುಟ್ಟಾಣಿಗೆ ಎಲೆ ಹಾಕಿ ಕೈ ಎತ್ತಿದ್ದೇ
ಒಫೀಲಿಯಾ ಮಣಿಕಟ್ಟು ಹಿಡಿದಳು:
ಚಟ್ನಿಯಲ್ಲ ಹಲಹಾ, ಜಜ್ಜಬೇಡ,
ಎಬ್ಬಿಸು, ಅಷ್ಟೆ.
ಎಬ್ಬಿಸಿದೆ. ಜೊತೆಗೆ ನಿನ್ನೆಯ ಬೆಳ್ಳುಳ್ಳಿಯೂ
ಕೊಂಚ ಎದ್ದಿತು.

ಸಕ್ಕರೆ ಒಂದು ಚಮಚ. ಉಪ್ಪು ಚಿಟಿಕೆ.
ಕುಲುಕುವುದಕ್ಕೆ ಮಾವಿನ ಉಪ್ಪಿನಕಾಯಿಯ ಜಾಡಿ,
ಮೂರು ಸಲ ತೊಳೆದದ್ದು.
ಅಳೆಯುವುದಕ್ಕೆ ಕೆಮ್ಮಿನ ಔಷಧಿಯ ಮುಚ್ಚಳ.
ಬಗ್ಗಿ, ಕಣ್ಣನ್ನು ಗೀರಿನ ಸಮಕ್ಕೆ ತಂದು,
ಸೆಂಟರಿನಲ್ಲಿ ಹೆಪಾರಿನ್ ನೋಡುವ ಹಾಗೆ ನೋಡಿ,
ಒಂದು.
ಇನ್ನೊಂದು.
ಅಪ್ಪ ಎಣಿಸಿದ್ದನ್ನು ನಾನು ಕಂಡಿಲ್ಲ.
ಒಫೀಲಿಯಾ ನಕ್ಕು, ಬಾಟಲಿ ಕಸಿದು,
ತನ್ನ ಪಾಲನ್ನು ಕಣ್ಣಳತೆಯಲ್ಲಿ ಸುರಿದಳು.

ಕುಲುಕಿದೆ. ಐಸು ಗಲಗಲ, ಬಳೆ ಗಲಗಲ.
ಮೇಲೆ ಸೋಡಾ. ನೊರೆಯ ಮೇಲೆ ಒಂದು ಎಲೆ
ದೋಣಿಯಂತೆ ತಿರುಗಿ ನಿಂತಿತು.

ಮೊದಲ ಗುಟುಕನ್ನು ಗಂಟಲಲ್ಲೇ ಹಿಡಿದೆ,
ನೀಲಿಗಟ್ಟುವಷ್ಟು ಹೊತ್ತೇನಲ್ಲ.
ಹುಳಿ ಬಂತು, ಪುದೀನದ ತಂಪು ಬಂತು,
ಬಹಳ ಹಿಂದಿನಿಂದ, ಸುಟ್ಟ ನಾರಿನಂಥದ್ದು ಏನೋ ಬಂತು.
ಅಪ್ಪನ ವಾಸನೆ ಬರಲಿಲ್ಲ.
ಇನ್ನೊಂದು ಗುಟುಕು ಕುಡಿದು ಹುಡುಕಿದೆ.
ಇಲ್ಲ.
ಯಾಕೋ ಅದಕ್ಕೇ ಕಣ್ಣು ತುಂಬಿತು.
ಒಫೀಲಿಯಾ ಅಳಿಯನ ಟ್ರಕ್ಕಿನ ಕಂತಿನ ಬಗ್ಗೆ ಹೇಳುತ್ತಿದ್ದಳು,
ಖಾರವಾ, ಎಂದಳು ನಡುವೆ.
ಹೂಂ ಎಂದೆ.

ಬಾಟಲಿ ಎಲ್ಲಿಡಬೇಕೋ ತಿಳಿಯದೆ
ಸದ್ಯಕ್ಕೆ ವಾಷಿಂಗ್ ಮಷಿನಿನ ಮೇಲಿದೆ.

ರಾತ್ರಿ ಅವ್ವನ ಫೋನು.
ಏನು ಮಾಡಿಕೊಂಡೆ ಈ ಬಿಸಿಲಿಗೆ?
ನಿಂಬೆ, ಪುದೀನ ಹಾಕಿ ಒಂದು ಪಾನಕ, ಎಂದೆ.
ಆ ತುದಿಯಲ್ಲಿ ಸ್ವಲ್ಪ ಹೊತ್ತು
ಬರೀ ಫ್ಯಾನಿನ ಸದ್ದು.
ಉಪ್ಪು ಹಾಕಿದೆಯಾ?
ಹಾಕಿದೆ ಅವ್ವಾ. ಅಳೆದು ಹಾಕಿದೆ.