ತೇಗು

ಕರಿಕಲ್ಲಿನ ಗೋಡೆ ಕುಸಿದು ಆರು ವರ್ಷ.
ಕಟ್ಟಬೇಕಾದವನು ನೀನು ಎಂದು ನನ್ನ ಗಂಡ ಝೆಫರೀನು,
ನೀನು ಎಂದು ಅವನ ತಮ್ಮ ಗ್ವಾಲ್ಟೆರ್.
ಕೊನೆಗೆ ಮುಳ್ಳುತಂತಿ ಒಂದೆಳೆ. ಮಾತು ಬಂದ್.

ನಿನ್ನೆ ತಂತಿಯೂ ಜೋತುಬಿದ್ದಿತ್ತು. ಮಂಜು ಬೇರೆ.
ಸಾವ್ ಜೋರ್ಜ್ ದ್ವೀಪದಲ್ಲಿ ಮಂಜು ಇಳಿದರೆ
ಹಸುವಿಗೆ ತನ್ನ ಬಾಲವೂ ಕಾಣದು;
ಎರಡೂ ಮಗ್ಗುಲಲ್ಲಿ, ತೀರಾ ಕೆಳಗೆ,
ಅಟ್ಲಾಂಟಿಕ್ ಮೊರೆಯುವುದಷ್ಟೇ ಕೇಳುತ್ತದೆ.
ಪೊಂಬಾ ದಾಟಿದಳು. ಆಚೆ ಗ್ವಾಲ್ಟೆರನ ಕ್ಲೋವರ್,
ಎಳಸು, ತೊಯ್ದದ್ದು, ಇನ್ನೂ ಹೂವಾಗದ್ದು.
ಸಿಕ್ಕಾಗ ತಿನ್ನದೆ ಬಿಡಲು ಅವಳೇನು ಮಠದ ಸನ್ಯಾಸಿನಿಯೇ?

ನಾನು ಹಾಲಿನ ಕ್ಯಾನು ಹಿಡಿದು ಹೋದಾಗ
ಎಡಪಕ್ಕೆ ಬೆನ್ನಿಗಿಂತ ಎತ್ತರ.
ಹಸಿದಾಗ ನನ್ನ ಮುಷ್ಟಿ ಹಿಡಿಯುವ ಗುಳಿಯಿದೆಯಲ್ಲ ಅಲ್ಲಿ,
ಅದೀಗ ಗುಡ್ಡ. ಬೆರಳಿಂದ ತಟ್ಟಿದೆ:
ಡೊಳ್ಳು.
ಮೆಲುಕಿಲ್ಲ. ನಾಲಿಗೆ ಹೊರಗೆ.
ಕಣ್ಣಲ್ಲಿ ಬಿಳಿಯೇ ಹೆಚ್ಚು.

ಪಶುವೈದ್ಯ ಇರುವುದು ವೇಲಾಸ್‌ನಲ್ಲಿ;
ಅವನು ಬರುವಷ್ಟರಲ್ಲಿ ಚರ್ಮ ಸುಲಿಯಬಹುದು.
ಝೆಫರೀನು ಅಪ್ಪನ ಕಾಲದ ದಪ್ಪ ಸೂಜಿ ತಂದ,
ಸೊಂಟದ ಮೂಳೆಗೂ ಕಡೆಯ ಪಕ್ಕೆಲುಬಿಗೂ ನಡುವೆ
ಗೇಣು ಹಾಕಿ ಅಳೆದ, ಕಣ್ಣು ಮುಚ್ಚಿ ಚುಚ್ಚಿದ.
ಸುಂಯ್ ಎನ್ನಬೇಕಿತ್ತು. ಎನ್ನಲಿಲ್ಲ.
ಕೊಳವೆಯ ಬಾಯಲ್ಲಿ ಹಸಿರು ನೊರೆ,
ಸೋಪು ಕಲಸಿದ ಹಾಗೆ, ಗುಳುಗುಳು, ಅಷ್ಟೇ.
ಬರೀ ಗಾಳಿಯಾಗಿದ್ದರೆ ಹೋಗುತ್ತಿತ್ತು.
ಇದು ಗಾಳಿಯನ್ನು ಅಪ್ಪಿ ಕೂತ ಲಕ್ಷ ಗುಳ್ಳೆ,
ಒಂದೂ ತಾನಾಗಿ ಒಡೆಯಲೊಲ್ಲದು.

"ಎಣ್ಣೆ," ಅಂದಿತು ಮಂಜಿನೊಳಗಿಂದ ಒಂದು ದನಿ.
ಆರು ವರ್ಷದಲ್ಲಿ ಗ್ವಾಲ್ಟೆರ್ ಆಡಿದ ಮೊದಲ ಮಾತು.

ಎಣ್ಣೆ ಇತ್ತು. ಬರುವ ಕಾರ್ನಿವಲ್ಲಿಗೆ
ಸಿಹಿ ಕರಿಯಲೆಂದು ಅತ್ತೆ ಇದಲೀನಾ ಎತ್ತಿಟ್ಟ ಐದು ಲೀಟರ್ ಡಬ್ಬ.
ಕೇಳದೆ ತಂದೆ. ಬಾಗಿಲಲ್ಲಿ ನಿಂತು
ಅವಳು ಯಾವ ಸಂತನನ್ನು ಬೈದಳೋ ಕೇಳಿಸಲಿಲ್ಲ.

ಗ್ವಾಲ್ಟೆರ್ ಮೂಗು ಹಿಡಿದ, ಝೆಫರೀನು ರಬ್ಬರ್ ಕೊಳವೆ ಇಳಿಸಿದ,
ನಾನು ಸುರಿದೆ. ಅರ್ಧ ಲೀಟರ್. ಇನ್ನಷ್ಟು.
ಆಮೇಲೆ ಜಗಿಯಲಿ ಎಂದು ಬಾಯಿಗೆ ಅಡ್ಡ ಕೋಲು ಕಟ್ಟಿ
ಏರಿನ ಕಡೆ ಮುಖ ಮಾಡಿ ನಡೆಸಿದೆವು.
ಅಣ್ಣ ಮುಂದೆ ಹಗ್ಗ ಹಿಡಿದು, ತಮ್ಮ ಹಿಂದೆ ಹೆಗಲು ಕೊಟ್ಟು,
ನಾನು ಹೊಟ್ಟೆ ತಿಕ್ಕುತ್ತಾ.

"ಹೊಟ್ಟೆಗೆ ಹಾಕಿಕೊಳ್ಳಿ" ಎಂದು ಅತ್ತೆ
ಮಕ್ಕಳಿಬ್ಬರಿಗೂ ಹೇಳಿ ಹೇಳಿ ಸೋತಿದ್ದಳು.
ಹಾಕಿಕೊಂಡಿದ್ದರು, ಸುಳ್ಳಲ್ಲ.
ಹಾಕಿಕೊಂಡದ್ದು ಅರಗಿತೇ ಎಂದು ಯಾರು ತಟ್ಟಿ ನೋಡಿದರು?

ಮೂರನೆಯ ಸುತ್ತಿಗೆ ಪೊಂಬಾ ನಿಂತಳು. ಕತ್ತು ಚಾಚಿದಳು.
ಬಂತು
ಉದ್ದ, ಹುಳಿ, ಕೊಳೆತ ಹುಲ್ಲಿನ ನಾತದ, ನಾಚಿಕೆಗೆಟ್ಟ ತೇಗು.
ಗ್ವಾಲ್ಟೆರ್ ಬಾಯಲ್ಲಿದ್ದ ಸಿಗರೇಟು ಕಿತ್ತೆಸೆದ:
"ಹೊತ್ತಿಕೊಂಡರೆ ನಾಲ್ವರೂ ನೇರ ಸ್ವರ್ಗಕ್ಕೆ!"
ಝೆಫರೀನು ನಕ್ಕುಬಿಟ್ಟ. ನಗಬಾರದು ಎಂದು ನೆನಪಾಗುವಷ್ಟರಲ್ಲಿ
ಇನ್ನೊಂದು ತೇಗು. ಮತ್ತೊಂದು.

ಗುಳಿ ಮರಳಿ ಕಾಣುವಾಗ ಮಧ್ಯಾಹ್ನ.
ಹೋಗುವ ಮುನ್ನ ಗ್ವಾಲ್ಟೆರ್ ಬಿದ್ದ ಕಲ್ಲೊಂದನ್ನು
ಕಾಲಿಂದ ಹೊರಳಿಸಿದ. ಅಡಿಯಲ್ಲಿ ಬಿಳಿ ಹುಳು. ಹಾಗೇ ಬಿಟ್ಟ.
"ತಿಂದ ಕ್ಲೋವರಿಗೆ ದುಡ್ಡು ಕೊಡಬೇಕು."
"ನೋಡೋಣ," ಅಂದ ಅಣ್ಣ.

ಒಳಗೆ ಅತ್ತೆ ಡಬ್ಬ ಅಲುಗಿಸುತ್ತಿದ್ದಳು
ಕಿವಿಯ ಹತ್ತಿರ, ಎಷ್ಟು ಉಳಿದಿದೆ ಎಂದು.